ತರ್ಕ ಬಿಟ್ಟ ಮನೆಗೆ ಲಾಜಿಕ್ ಬಾಡಿಗೆಗೆ

ಜುಲೈ ನಡುಭಾಗ ದಾಟಿತೆಂದರೆ ಚೆನ್ನೈನ ಪುರಸೈವಾಕ್ಕಂ ಹೈ ರೋಡಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆಡಿ ತಿಂಗಳು ಹುಟ್ಟಿದ ಕೂಡಲೇ ಜವಳಿ ಅಂಗಡಿಗಳ ಮುಂದೆ ಆಳೆತ್ತರದ ಫಲಕಗಳು ಏಳುತ್ತವೆ: ‘ಆಡಿ ತಳ್ಳುಬಡಿ’. ನಮ್ಮ ಆಷಾಢದ ರಿಯಾಯಿತಿ ಮಾರಾಟಕ್ಕೆ ಇದು ತಮಿಳು ಅಣ್ಣ. ಇದು ಹುಟ್ಟಿದ ಬಗೆ ಸರಳ. ಆಡಿಯಲ್ಲಿ ಮದುವೆ, ಗೃಹಪ್ರವೇಶ ಮಾಡುವುದಿಲ್ಲ. ಶುಭಕಾರ್ಯವಿಲ್ಲದ ಮೇಲೆ ಸೀರೆ, ಪಂಚೆ ಕೊಳ್ಳುವವರು ಕಡಿಮೆ. ಕೊಳ್ಳುವವರು ಕಡಿಮೆಯಾದರೆ ವ್ಯಾಪಾರಿ ಬೆಲೆ ಇಳಿಸಿ ಸರಕು ಖಾಲಿ ಮಾಡಬೇಕು. ಒಂದರ ಹಿಂದೆ ಒಂದು ಸರಿಯಾಗಿಯೇ ಬಂದಿದೆ. ಆದರೆ ಇವತ್ತು ಆ ರಸ್ತೆಯ ನೂಕುನುಗ್ಗಲು ಕಂಡವರಿಗೆ ‘ಕೊಳ್ಳುವವರು ಕಡಿಮೆ’ ಎಂಬ ನಡುವಿನ ಮಾತು ನಗು ತರಿಸುತ್ತದೆ. ಆಧಾರ ಕುಸಿದು ಎಷ್ಟೋ ಕಾಲವಾಯಿತು, ತೀರ್ಮಾನ ಮಾತ್ರ ಫಲಕದ ಮೇಲೆ ಗಟ್ಟಿಯಾಗಿ ಕೂತಿದೆ. ಇಂಥದ್ದನ್ನು ಕಂಡಾಗ ಚೆನ್ನೈಯವರು ‘ಲಾಜಿಕ್ ಇಡಿಕ್ಕುದೇ’ ಅನ್ನುತ್ತಾರೆ, ಲಾಜಿಕ್ ಎಲ್ಲೋ ಡಿಕ್ಕಿ ಹೊಡೆಯುತ್ತಿದೆಯಲ್ಲ ಎಂದು. ಬೆಂಗಳೂರಿನವರು ‘ಏನ್ ಲಾಜಿಕ್ ಗುರು ಇದು?’ ಅನ್ನುತ್ತಾರೆ.

ಎರಡೂ ಊರುಗಳಲ್ಲಿ ಶಾಲೆಯ ಮೆಟ್ಟಿಲು ಹತ್ತದವರ ಬಾಯಲ್ಲೂ ಈ ಪದವಿದೆ. ಸಿನಿಮಾ ನೋಡಿ ಬಂದವರು ‘ಫೈಟು ಚೆನ್ನಾಗಿದೆ, ಲಾಜಿಕ್ ಕೇಳಬಾರದಷ್ಟೆ’ ಅನ್ನುತ್ತಾರೆ. ಮಗ ತಡವಾಗಿ ಮನೆಗೆ ಬಂದು ಕೊಟ್ಟ ಕಾರಣಕ್ಕೆ ಅಮ್ಮ ‘ನಿನ್ನ ಲಾಜಿಕ್ ನನ್ನ ಹತ್ತಿರ ನಡೆಯಲ್ಲ’ ಅನ್ನುತ್ತಾಳೆ. ಸಾಫ್ಟ್‌ವೇರ್ ಹುಡುಗ ‘ಕೋಡಿಂಗ್ ಯಾರು ಬೇಕಾದರೂ ಮಾಡ್ತಾರೆ, ಲಾಜಿಕ್ ಹೊಳೀಬೇಕು’ ಅನ್ನುತ್ತಾನೆ. ಮೂವರೂ ಹೇಳುತ್ತಿರುವುದು ಬೇರೆ ಬೇರೆ. ಸಿನಿಮಾ ನೋಡಿದವರ ದೂರು ಹಿಂದುಮುಂದಿನ ಹೊಂದಾಣಿಕೆಯದು, ಅಮ್ಮನದು ಕಾರಣದ ಪೊಳ್ಳುತನದ್ದು, ಹುಡುಗನದು ಕೆಲಸ ಸಾಗುವ ಕ್ರಮದ್ದು. ತರ್ಕಶಾಸ್ತ್ರದವರನ್ನು ಕೇಳಿದರೆ ಅವರು ನಾಲ್ಕನೆಯದೊಂದನ್ನು ಹೇಳುತ್ತಾರೆ: ಇವಿಷ್ಟು ಮಾತು ಒಪ್ಪಿದರೆ ಈ ಮಾತನ್ನೂ ಒಪ್ಪಲೇಬೇಕು, ಆ ‘ಒಪ್ಪಲೇಬೇಕು’ ಎಲ್ಲಿಂದ ಬರುತ್ತದೆ ಎಂಬುದರ ಅಧ್ಯಯನ. ಮೊದಲು ಒಪ್ಪಿದ ಮಾತು ನಿಜವೇ ಸುಳ್ಳೇ ಎಂಬುದಕ್ಕೆ ಆ ಶಾಸ್ತ್ರ ಜವಾಬ್ದಾರಿ ಹೊರುವುದಿಲ್ಲ. ‘ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದ್ರಂತೆ’ ಎಂಬ ಗಾದೆಯಲ್ಲಿ ಎರಡನೆಯವನ ಲಾಜಿಕ್ ಅಪ್ಪಟವಾಗಿದೆ. ಈದದ್ದನ್ನು ಕೊಟ್ಟಿಗೆಗೆ ಕಟ್ಟಲೇಬೇಕು. ಎಡವಟ್ಟು ಇರುವುದು ಎತ್ತಿನಲ್ಲಿ.

ಪದದ ಹುಟ್ಟು ಗ್ರೀಕಿನದು. ‘ಲೋಗೋಸ್’ ಎಂದರೆ ಮಾತು, ಲೆಕ್ಕ, ಕಾರಣ, ವಿವೇಕ, ಎಲ್ಲವೂ ಹೌದು. ಅದರಿಂದ ‘ಲೋಗಿಕೇ’, ಲ್ಯಾಟಿನ್ನಿನ ‘ಲಾಜಿಕಾ’, ಹಳೆಯ ಫ್ರೆಂಚಿನ ‘ಲಾಜೀಕ್’, ಅಲ್ಲಿಂದ ಇಂಗ್ಲಿಷು. ಕ್ರಿ.ಪೂ. 384ರಿಂದ 322ರವರೆಗೆ ಬದುಕಿದ ಅರಿಸ್ಟಾಟಲ್‌ನನ್ನು ಈ ಶಾಸ್ತ್ರದ ಜನಕ ಅನ್ನುತ್ತೇವೆ, ಆದರೆ ಅವನು ಶಾಸ್ತ್ರಕ್ಕೆ ಆ ಹೆಸರು ಇಡಲಿಲ್ಲ. ಅವನ ಆರು ಗ್ರಂಥಗಳನ್ನು ನಂತರದವರು ಒಟ್ಟುಗೂಡಿಸಿ ‘ಆರ್ಗನಾನ್’ ಎಂದು ಕರೆದರು. ಹಾಗೆಂದರೆ ಉಪಕರಣ.

ಇಷ್ಟು ದೂರದ ಪದ ನಮಗೆ ಯಾಕೆ ಬೇಕಾಯಿತು? ಕನ್ನಡದಲ್ಲಿ ಪದವಿರಲಿಲ್ಲವೆಂದು ಯಾರೂ ಹೇಳಲಾರರು. ತರ್ಕ ಇತ್ತು, ನ್ಯಾಯ ಇತ್ತು, ಯುಕ್ತಿ ಇತ್ತು, ಊಹೆ ಇತ್ತು. ಅವು ಇಂದಿಗೂ ಇವೆ, ಆದರೆ ಹಳೆಯ ಮನೆಯಲ್ಲಿಲ್ಲ. ಒಂದೊಂದೂ ಬೇರೆ ಕಡೆ ಉದ್ಯೋಗ ಹಿಡಿದು ಹೋಗಿಬಿಟ್ಟಿವೆ. ಖಾಲಿ ಬಿದ್ದ ಮನೆಗೆ ಲಾಜಿಕ್ ಬಾಡಿಗೆಗೆ ಬಂತು ಎಂಬುದು ನನ್ನ ಲೆಕ್ಕ.

ಗೌತಮನ ನ್ಯಾಯಸೂತ್ರ ಹದಿನಾರು ಪದಾರ್ಥಗಳ ಪಟ್ಟಿಯಿಂದ ಶುರುವಾಗುತ್ತದೆ. ಪದಾರ್ಥ ಎಂದರೆ ಅಲ್ಲಿ ತಿಳಿಯಬೇಕಾದ ವಿಷಯ. ಮಂಗಳೂರು ಕಡೆ ಊಟಕ್ಕೆ ಕೂತವರು ‘ಪದಾರ್ಥ ಬಡಿಸಿ’ ಅಂದರೆ ಪಲ್ಯವೋ ಸಾರೋ ಬರುತ್ತದೆ. ‘ಪಕ್ಷ’ ಎಂದರೆ ಯಾವುದರ ಬಗ್ಗೆ ಸಾಧಿಸಬೇಕಾಗಿದೆಯೋ ಆ ಜಾಗ. ‘ವಿಪಕ್ಷ’ ಎಂದರೆ ಸಾಧಿಸಬೇಕಾದದ್ದು ಖಂಡಿತ ಇಲ್ಲವೆಂದು ಗೊತ್ತಿರುವ ಜಾಗ. ಎರಡೂ ಈಗ ವಿಧಾನಸೌಧದಲ್ಲಿ ಎದುರುಬದುರು ಕೂತಿವೆ. ‘ವ್ಯಾಪ್ತಿ’ ಎಂದರೆ ಹೊಗೆಗೂ ಬೆಂಕಿಗೂ ಇರುವ ತಪ್ಪದ ಸಂಬಂಧ. ಅದು ಪೊಲೀಸ್ ಠಾಣೆಗೆ ಸೇರಿಕೊಂಡಿತು. ‘ಠಾಣಾ ವ್ಯಾಪ್ತಿ’ ಅಂದರೆ ಮಾತ್ರ ನಮಗೆ ತಿಳಿಯುತ್ತದೆ. ‘ಪ್ರತಿಜ್ಞೆ’ ಎಂದರೆ ಸಾಧಿಸಲು ಹೊರಟ ವಾಕ್ಯ, ಈಗ ಭೀಷ್ಮನ ಸೊತ್ತು. ‘ಪ್ರಮಾಣ’ ಎಂದರೆ ಸರಿಯಾದ ತಿಳಿವಿನ ಸಾಧನ. ಈಗ ಒಂದು ಕಡೆ ಮಂತ್ರಿಗಳು ಅದನ್ನು ಸ್ವೀಕರಿಸುತ್ತಾರೆ, ಇನ್ನೊಂದು ಕಡೆ ವೈದ್ಯರು ರಕ್ತದಲ್ಲಿ ಸಕ್ಕರೆಯದನ್ನು ಅಳೆಯುತ್ತಾರೆ. ‘ವ್ಯಭಿಚಾರ’ ಎಂದರೆ ಕೊಟ್ಟ ಕಾರಣ ತೀರ್ಮಾನದ ಜತೆ ನಿಲ್ಲದೆ ಅತ್ತಿತ್ತ ಓಡಾಡುವುದು. ಆ ಬಡ ಪದದ ಇವತ್ತಿನ ಗತಿ ಎಲ್ಲರಿಗೂ ಗೊತ್ತು.

‘ಛಲ’ದ ಕಥೆ ಇನ್ನೂ ಸ್ವಾರಸ್ಯದ್ದು. ನ್ಯಾಯದಲ್ಲಿ ಛಲವೆಂದರೆ ಎದುರಾಳಿಯ ಮಾತನ್ನು ತಿರುಚಿ ಗೆಲ್ಲುವ ಕುತಂತ್ರ. ನ್ಯಾಯಸೂತ್ರಕ್ಕೆ ವಾತ್ಸ್ಯಾಯನ ಬರೆದ ಭಾಷ್ಯದಲ್ಲಿ ಅದಕ್ಕೆ ಕಂಬಳಿಯ ಉದಾಹರಣೆ ಇದೆ. ‘ನವ’ ಎಂದರೆ ಹೊಸತೂ ಹೌದು, ಒಂಬತ್ತೂ ಹೌದು. ಒಬ್ಬ ಹೊಸ ಕಂಬಳಿ ಹೊದ್ದವನನ್ನು ತೋರಿಸಿ ‘ಇವನು ನವಕಂಬಳ’ ಅಂದರೆ ಇನ್ನೊಬ್ಬ ‘ಎಲ್ಲಿದೆ ಒಂಬತ್ತು? ಒಂದೇ ಇದೆಯಲ್ಲ’ ಅನ್ನುತ್ತಾನೆ. ಟಿವಿ ಚರ್ಚೆ ನೋಡುವವರಿಗೆ ವಿವರಣೆ ಬೇಕಿಲ್ಲ. ಆದರೆ ಕನ್ನಡದಲ್ಲಿ ಛಲ ಹಿಡಿದದ್ದನ್ನು ಬಿಡದ ಗುಣವಾಯಿತು. ‘ಛಲಗಾರ್ತಿ’ ಅಂದರೆ ನಾವು ಚಪ್ಪಾಳೆ ತಟ್ಟುತ್ತೇವೆ. ಊಹ ಮತ್ತು ಅಪೋಹ, ಅಂದರೆ ಸರಿ ಕಂಡದ್ದನ್ನು ಕೂಡಿಸುವುದು ಮತ್ತು ತಪ್ಪು ಕಂಡದ್ದನ್ನು ತಳ್ಳುವುದು, ಎರಡೂ ಸೇರಿ ಗಾಳಿಸುದ್ದಿಯಾದವು: ‘ಅದೆಲ್ಲ ಊಹಾಪೋಹ’. ಯುಕ್ತಿ ಉಪಾಯವಾಗಿ ನರಿಯ ಕಥೆಗಳಿಗೆ ಹೋಯಿತು. ನ್ಯಾಯ ಕೋರ್ಟಿಗೆ ಹೋಯಿತು.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ‘ಅನುಮಾನ’ಕ್ಕೆ. ಶಾಸ್ತ್ರದಲ್ಲಿ ಅದು ಕಂಡದ್ದರಿಂದ ಕಾಣದ್ದನ್ನು ಖಚಿತವಾಗಿ ತಿಳಿಯುವ ದಾರಿ, ಪ್ರತ್ಯಕ್ಷದ ಪಕ್ಕದಲ್ಲೇ ಕೂರುವ ಪ್ರಮಾಣ. ಕನ್ನಡದಲ್ಲಿ ಅದು ತದ್ವಿರುದ್ಧವಾಗಿ ಸಂಶಯವಾಯಿತು. ‘ಅನುಮಾನಾಸ್ಪದ ಸಾವು’ ಅಂದರೆ ಏನೂ ಖಚಿತವಿಲ್ಲದ ಸಾವು. ತರ್ಕವೂ ಮಾನ ಉಳಿಸಿಕೊಂಡಿಲ್ಲ. ‘ತರ್ಕ ಮಾಡಬೇಡ, ಹೇಳಿದ್ದು ಮಾಡು’ ಎಂಬ ಗದರಿಕೆ ಕೇಳದ ಮನೆ ಕಡಿಮೆ. ಪಂಡಿತರ ಲೋಕದಲ್ಲೂ ಅದರ ಸ್ಥಾನ ನಾವೆಣಿಸಿದಷ್ಟು ದೊಡ್ಡದಲ್ಲ. 17ನೇ ಶತಮಾನದ ಅನ್ನಂಭಟ್ಟನ ‘ತರ್ಕಸಂಗ್ರಹ’ ಪಾಠಶಾಲೆಯಲ್ಲಿ ತರ್ಕ ಕಲಿಯುವವರು ಸಾಮಾನ್ಯವಾಗಿ ಮೊದಲು ಓದುವ ಪುಸ್ತಕ. ಅದರೊಳಗೆ ತರ್ಕವೆಂದರೆ ‘ಬೆಂಕಿ ಇಲ್ಲದಿದ್ದರೆ ಹೊಗೆಯೂ ಇರುತ್ತಿರಲಿಲ್ಲ’ ಎಂಬ ಬಗೆಯ ಕಲ್ಪಿತ ವಾದ ಮಾತ್ರ. ಅದನ್ನು ಸಂಶಯ ಮತ್ತು ಭ್ರಮೆಗಳ ಸಾಲಿನಲ್ಲಿ, ಯಥಾರ್ಥವಲ್ಲದ ಅನುಭವದ ಕೆಳಗೆ, ಕೂರಿಸಿದ್ದಾರೆ! ಸಹಾಯಕ್ಕೆ ಬರುತ್ತದೆ, ಆದರೆ ಸಾಕ್ಷಿ ಹೇಳುವ ಅಧಿಕಾರ ಅದಕ್ಕಿಲ್ಲ. ಹೀಗಾಗಿ ‘ಲಾಜಿಕ್’ಗೆ ಸಮನಾಗಿ ‘ತರ್ಕಶಾಸ್ತ್ರ’ ಎಂದು ನಾವು ಪಿಯುಸಿ ಪಠ್ಯದಲ್ಲಿ ಬಳಸುವುದು ರೂಢಿಯ ಬಲದಿಂದಲೇ ಹೊರತು ಶಾಸ್ತ್ರದ ಬಲದಿಂದಲ್ಲ.

ಶಾಸ್ತ್ರದ ಯಂತ್ರ ಹೇಗೆ ಓಡುತ್ತದೆ ಎಂಬುದನ್ನು ಈಗ ನೋಡೋಣ. ನ್ಯಾಯದವರ ಮಾತಿಗೆ ಐದು ಅವಯವ. ಬೆಟ್ಟದಲ್ಲಿ ಬೆಂಕಿ ಇದೆ ಎಂಬುದು ಪ್ರತಿಜ್ಞೆ. ಹೊಗೆ ಕಾಣುತ್ತಿದೆಯಲ್ಲ ಎಂಬುದು ಹೇತು. ಎಲ್ಲೆಲ್ಲಿ ಹೊಗೆಯೋ ಅಲ್ಲೆಲ್ಲ ಬೆಂಕಿ, ಅಡುಗೆಮನೆಯಲ್ಲಿ ಕಂಡಂತೆ ಎಂಬುದು ಉದಾಹರಣೆ. ಈ ಬೆಟ್ಟದಲ್ಲೂ ಅಂಥದೇ ಹೊಗೆ ಎಂಬುದು ಉಪನಯ. ಆದ್ದರಿಂದ ಬೆಂಕಿ ಇದ್ದೇ ಇದೆ ಎಂಬುದು ನಿಗಮನ. ಅರಿಸ್ಟಾಟಲ್ ಮೂರು ವಾಕ್ಯದಲ್ಲಿ ಮುಗಿಸುತ್ತಿದ್ದ. ನಮ್ಮವರು ಅಡುಗೆಮನೆಯನ್ನು ಬಿಟ್ಟುಕೊಡಲಿಲ್ಲ. ಇಬ್ಬರೂ ಒಪ್ಪುವ, ಕಣ್ಣಾರೆ ಕಂಡ ಒಂದು ಜಾಗವನ್ನು ತೋರಿಸದೆ ಮುಂದಕ್ಕೆ ಹೋಗುವಂತಿಲ್ಲ. ವಾದದ ಆಕಾರ ಸರಿಯಿದ್ದರೆ ಸಾಲದು, ಕಾಲು ನೆಲಕ್ಕೆ ತಾಗಬೇಕು. ಎತ್ತು ಈಯುವ ಲಾಜಿಕ್ ಇಲ್ಲಿ ಮೂರನೇ ಮೆಟ್ಟಿಲಲ್ಲೇ ಮುಗ್ಗರಿಸುತ್ತದೆ: ಈದ ಎತ್ತನ್ನು ಎಲ್ಲಿ ನೋಡಿದೆ, ಹೇಳು?

ಇನ್ನು ತಪ್ಪುಗಳು. ಪೊಂಗಲ್ಲಿನ ಹಿಂದಿನ ದಿನ ಭೋಗಿ. ಬೆಳಕು ಹರಿಯುವ ಮುನ್ನ ಚೆನ್ನೈನ ಬೀದಿಗಳಲ್ಲಿ ಹಳೇ ಚಾಪೆ, ಪೊರಕೆ, ಚಿಂದಿಗೆ ಬೆಂಕಿ ಹಚ್ಚುತ್ತಾರೆ. ಮಾರ್ಗಳಿಯ ಮಂಜೂ ಅದೇ ಹೊತ್ತಿಗೆ ಇಳಿದಿರುತ್ತದೆ. ಕಿಟಕಿಯಾಚೆ ಬೆಳ್ಳಗೆ ಕಾಣುವುದು ಮಂಜೋ ಹೊಗೆಯೋ? ಮಂಜನ್ನು ಹೊಗೆಯೆಂದು ಬಗೆದು ಬೆಂಕಿ ಇದೆ ಎಂದವನ ಹೇತುವೇ ಸುಳ್ಳು, ಇದನ್ನು ನೈಯಾಯಿಕರು ಎಂದೋ ಎಚ್ಚರಿಸಿದ್ದಾರೆ. ಇನ್ನೊಂದು: ರಸ್ತೆ ಒದ್ದೆಯಾಗಿದೆ, ಆದ್ದರಿಂದ ಮಳೆ ಬಂದಿದೆ. ಮಲೆನಾಡಿನಲ್ಲಿ ಈ ಅನುಮಾನ ಬಹುಮಟ್ಟಿಗೆ ನಡೆದೀತು. ಚೆನ್ನೈನ ಮೇ ತಿಂಗಳಲ್ಲಿ ನಡೆಯದು. ಆಗತಾನೆ ನೀರಿನ ಲಾರಿಯೊಂದು ಸೋರುತ್ತ ಹೋಗಿರುತ್ತದೆ. ಮಳೆ ಬಂದರೆ ರಸ್ತೆ ಒದ್ದೆ ಎಂಬುದರಿಂದ ರಸ್ತೆ ಒದ್ದೆಯಾದರೆ ಮಳೆ ಎಂದು ತಿರುಗಿಸಲಾಗದು. ಹೊಗೆಯಿದ್ದಲ್ಲಿ ಬೆಂಕಿ ಇದೆ, ಆದರೆ ಬೆಂಕಿ ಇದ್ದಲ್ಲೆಲ್ಲ ಹೊಗೆ ಇಲ್ಲ. ಶಾಸ್ತ್ರದವರು ಇದಕ್ಕೆ ಕಾದ ಕಬ್ಬಿಣದ ಗುಂಡನ್ನು ತೋರಿಸುತ್ತಿದ್ದರು. ಹೊಗೆ ಬೇಕಾದರೆ ಹಸಿ ಕಟ್ಟಿಗೆ ಎಂಬ ‘ಉಪಾಧಿ’ಯೂ ಬೇಕು ಅನ್ನುತ್ತಿದ್ದರು. ನಾವು ಫ್ಲ್ಯಾಟಿನ ಗ್ಯಾಸ್ ಒಲೆ ತೋರಿಸಿದರೆ ಸಾಕು. ಆದರೂ ‘ಬೆಂಕಿಯಿಲ್ಲದೆ ಹೊಗೆಯಾಡದು’ ಎಂಬ ಮಾತನ್ನು ಕನ್ನಡಿಗರು ಬಳಸುವುದು ಬೆಟ್ಟದ ಬಗ್ಗೆ ಅಲ್ಲ, ಪಕ್ಕದ ಮನೆಯವರ ಬಗ್ಗೆ. ವ್ಯಾಪ್ತಿವಾಕ್ಯವೊಂದು ಇಷ್ಟು ಸಲೀಸಾಗಿ ಚಾಡಿಯ ಸಮರ್ಥನೆಯಾದದ್ದು ಬೇರೆಲ್ಲಾದರೂ ಉಂಟೋ ನೋಡಬೇಕು.

ಪುರಸೈವಾಕ್ಕಂ ಎಂಬ ಹೆಸರೇ ಒಂದು ಅನುಮಾನಕ್ಕೆ ಹೇತು: ಇದು ಹಿಂದೆ ಮುತ್ತುಗದ ಮರಗಳ ಹಳ್ಳಿಯಾಗಿದ್ದಿರಬೇಕು. ಪುರಸು ಎಂದರೆ ಮುತ್ತುಗದ ಮರ. ಇಲ್ಲಿನ ಗಂಗಾಧೀಶ್ವರ ದೇವಸ್ಥಾನದ ಸ್ಥಳವೃಕ್ಷವೂ ಅದೇ. ಪಾಕ್ಕಂ ಎಂದು ಮುಗಿಯುವ ನುಂಗಂಬಾಕ್ಕಂ, ಕೋಡಂಬಾಕ್ಕಂ, ವಿಲ್ಲಿವಾಕ್ಕಂ ಎಲ್ಲವೂ ಹಿಂದೆ ಬಿಡಿ ಹಳ್ಳಿಗಳು. ಪುರಸೈವಾಕ್ಕಂ ಕೂಡ 1693ರಲ್ಲಿ ಎಗ್ಮೋರ್ ಮತ್ತು ತಂಡಿಯಾರ್‌ಪೇಟೆಯ ಜತೆ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂದ ಹಳ್ಳಿ.

ಈ ಸೀಮೆಯಲ್ಲಿ ತರ್ಕದ ಬಗ್ಗೆ ಬರೆಯುವುದಕ್ಕೆ ಬೇರೆಯೇ ಕಾರಣವಿದೆ. ಇಲ್ಲಿಂದ ಸುಮಾರು 75 ಕಿ.ಮೀ. ದೂರದ ಕಾಂಚೀಪುರ ಒಂದು ಕಾಲಕ್ಕೆ ವಾದಿಗಳ ಕಣ. ಬೌದ್ಧ ತರ್ಕದ ಮೂಲಪುರುಷ ದಿಙ್ನಾಗ ಕಾಂಚಿಯ ಬಳಿಯ ಸಿಂಹವಕ್ತ್ರದವನೆಂದು ಟಿಬೆಟ್ಟಿನ ಸಂಪ್ರದಾಯ ಹೇಳುತ್ತದೆ. ಒಳ್ಳೆಯ ಹೇತು ಪಕ್ಷದಲ್ಲಿರಬೇಕು, ಸಾಧಿಸಬೇಕಾದದ್ದು ಇದೆಯೆಂದು ಗೊತ್ತಿರುವ ಸಪಕ್ಷದಲ್ಲಿರಬೇಕು, ವಿಪಕ್ಷದಲ್ಲಿ ಇರಬಾರದು ಎಂಬ ಮೂರು ಷರತ್ತುಗಳಿಗೆ ಖಚಿತ ರೂಪ ಕೊಟ್ಟವನು ಅವನು. ತಮಿಳಿನ ‘ಮಣಿಮೇಕಲೈ’ ಕಾವ್ಯದಲ್ಲಿ ನಾಯಕಿ ಕಾಂಚಿಗೆ ಬಂದು ಗುರುವಿನ ಬಾಯಿಂದ ತರ್ಕದ ಪಾಠ ಕೇಳುತ್ತಾಳೆ. ಪಕ್ಕಂ, ಏತು, ತಿಟ್ಟಾಂತಂ ಎಂದು ಪಾರಿಭಾಷಿಕ ಪದಗಳು ತಮಿಳಿನ ಉಡುಪು ತೊಟ್ಟು ಸಾಲಾಗಿ ಬರುತ್ತವೆ. ಉಪನಯ, ನಿಗಮನ ಎರಡೂ ದೃಷ್ಟಾಂತದೊಳಗೇ ಅಡಗುತ್ತವೆ ಎಂಬ ಬೌದ್ಧರ ಮಿತವ್ಯಯವೂ ಅಲ್ಲಿದೆ. ಒಬ್ಬ ನರ್ತಕಿಯ ಮಗಳಿಗೆ ಕಾವ್ಯದ ಕೊನೆಯಲ್ಲಿ ಹೇತ್ವಾಭಾಸಗಳ, ಅಂದರೆ ಹುಸಿ ಹೇತುಗಳ, ಪಟ್ಟಿ ಒಪ್ಪಿಸುವ ಧೈರ್ಯ ಯಾವ ಕನ್ನಡ ಕವಿಗಾದರೂ ಬಂದಿತ್ತೇ?

ಕನ್ನಡ ನಾಡಿನವರು ಸುಮ್ಮನಿರಲಿಲ್ಲ. ಶ್ರವಣಬೆಳಗೊಳದ ಚಂದ್ರಗಿರಿಯ ಮೇಲೆ 1129ರ ಮಲ್ಲಿಷೇಣ ಪ್ರಶಸ್ತಿ ಎಂಬ ಸಂಸ್ಕೃತ ಶಾಸನವಿದೆ. ಅದರಲ್ಲಿ ಜೈನ ತಾರ್ಕಿಕ ಸಮಂತಭದ್ರ ತಾನು ವಾದಕ್ಕೆ ಕರೆದು ಭೇರಿ ಬಾರಿಸಿದ ಊರುಗಳನ್ನು ಎಣಿಸುತ್ತಾನೆ. ಪಾಟಲಿಪುತ್ರದಿಂದ ಹಿಡಿದು ಕಾಂಚಿಯವರೆಗೂ ಆ ಪಟ್ಟಿಯಲ್ಲಿವೆ. ಇನ್ನೊಬ್ಬ ಜೈನ ತಾರ್ಕಿಕ ಅಕಳಂಕ ಹಿಮಶೀತಲ ರಾಜನ ಸಭೆಯಲ್ಲಿ ಬೌದ್ಧರನ್ನು ಗೆದ್ದು, ಗಡಿಗೆಯೊಳಗಿಂದ ಉತ್ತರ ಕೊಡುತ್ತಿದ್ದ ತಾರಾದೇವಿಯ ಗಡಿಗೆಯನ್ನೇ ಕಾಲಿಂದ ಒದೆದನೆಂಬ ಕಥೆಯ ನೆನಪೂ ಅಲ್ಲಿದೆ. ಸಂಪ್ರದಾಯ ಈ ಸಭೆಯನ್ನು ಕಾಂಚಿಯಲ್ಲಿ ಇಡುತ್ತದೆ. ತರ್ಕದ ಗೆಲುವಿಗೆ ಒದೆಯ ನೆರವು ಬೇಕಾಯಿತೆಂಬುದು ಪಂಡಿತರಿಗೆ ಮುಜುಗರವಾಗಿರಬಹುದು; ಜನ ಮರೆಯದೆ ಉಳಿಸಿಕೊಂಡದ್ದು ಮಾತ್ರ ಅದನ್ನೇ. ವೃತ್ತವಿಲಾಸನ ಕನ್ನಡ ‘ಧರ್ಮಪರೀಕ್ಷೆ’ ಇನ್ನೂ ನಯವಾದ ದಾರಿ ಹಿಡಿಯುತ್ತದೆ. ಮನೋವೇಗನೆಂಬವನು ಪಂಡಿತರ ಸಭೆಗೆ ಹೋಗಿ ನಂಬಲಾಗದ ಕಥೆ ಹೇಳುತ್ತಾನೆ, ಅವರು ನಕ್ಕಾಗ ಅಂಥದೇ ಕಥೆಯನ್ನು ಅವರ ಪುರಾಣಗಳಿಂದ ಎತ್ತಿ ತೋರಿಸುತ್ತಾನೆ. ಅದು ಸರಿಯಾದರೆ ಇದೂ ಸರಿ, ಇದು ತಪ್ಪಾದರೆ ಅದೂ ತಪ್ಪು.

ವೇದಾಂತಿಗಳ ಕಡೆಗೆ ಬಂದರೆ ಬನ್ನೂರಿನಲ್ಲಿ ಹುಟ್ಟಿದ ವ್ಯಾಸರಾಯರು ಬರೆದ ‘ತರ್ಕತಾಂಡವ’ ನೈಯಾಯಿಕರನ್ನು ಅವರದೇ ಆಯುಧದಿಂದ ಎದುರಿಸಿದ ಗ್ರಂಥ. ಅದಕ್ಕೆ ‘ನ್ಯಾಯದೀಪ’ ಎಂಬ ವ್ಯಾಖ್ಯಾನ ಬರೆದವರು ಮಂತ್ರಾಲಯದ ರಾಘವೇಂದ್ರ ಸ್ವಾಮಿಗಳು, ತಮಿಳುನಾಡಿನ ಭುವನಗಿರಿಯಲ್ಲಿ ಹುಟ್ಟಿದವರು. ಚೆನ್ನೈನ ರಾಯರ ಮಠಗಳಲ್ಲಿ ಗುರುವಾರ ಪ್ರದಕ್ಷಿಣೆ ಹಾಕುವ ಎಷ್ಟು ಜನಕ್ಕೆ ತಾವು ಸುತ್ತುತ್ತಿರುವುದು ಒಬ್ಬ ದೊಡ್ಡ ತಾರ್ಕಿಕರನ್ನು ಎಂಬ ನೆನಪಿದೆಯೋ. ಆಧುನಿಕ ಕಾಲದಲ್ಲೂ ಮದರಾಸು ಹಿಂದೆ ಬೀಳಲಿಲ್ಲ: ಪ್ರೆಸಿಡೆನ್ಸಿ ಕಾಲೇಜಿನ ಎಸ್. ಕುಪ್ಪುಸ್ವಾಮಿ ಶಾಸ್ತ್ರಿಗಳು ತರ್ಕಸಂಗ್ರಹವನ್ನು ಇಟ್ಟುಕೊಂಡು 1932ರಲ್ಲಿ ಇಂಗ್ಲಿಷಿನಲ್ಲಿ ಭಾರತೀಯ ತರ್ಕದ ಪ್ರವೇಶಿಕೆಯೊಂದನ್ನು ಬರೆದರು, ಇಂದಿಗೂ ಅದು ಬಳಕೆಯಲ್ಲಿದೆ.

ಆದರೆ ಇದೆಲ್ಲ ಪಂಡಿತರ ಪಡಸಾಲೆಯ ಮಾತು. ವಿಚಾರಿಸಿ ಒಪ್ಪುವ ಅಭ್ಯಾಸವನ್ನು ಬೀದಿಗೆ ತಂದವರ ಗುರುತು ಪುರಸೈವಾಕ್ಕಂನ ಪಕ್ಕದ ವೇಪೇರಿಯಲ್ಲೇ ಇದೆ. ಅಲ್ಲಿನ ಪೆರಿಯಾರ್ ತಿಡಲ್‌ನಲ್ಲಿ ಇ.ವಿ. ರಾಮಸಾಮಿ ಅವರ ಸಮಾಧಿ ಇದೆ. 1879ರ ಸೆಪ್ಟೆಂಬರ್ 17ರಂದು ಈರೋಡಿನ ಕನ್ನಡ ಮನೆಮಾತಿನ ಬಲಿಜ ಕುಟುಂಬದಲ್ಲಿ ಹುಟ್ಟಿದ ಪೆರಿಯಾರ್ 1925ರಲ್ಲಿ ‘ಕುಡಿ ಅರಸು’ ಪತ್ರಿಕೆ ಶುರುಮಾಡಿದರು, 1973ರ ಡಿಸೆಂಬರ್ 24ರಂದು ತೀರಿಕೊಂಡರು. ಅವರು ತಮಿಳು ಜನರ ನಾಲಗೆಗೆ ಏರಿಸಿದ ಪದ ‘ಪಗುತ್ತರಿವು’. ಬೇರ್ಪಡಿಸಿ, ವಿಂಗಡಿಸಿ ತಿಳಿಯುವ ಅರಿವು. ಅದರ ಬಾಲದಲ್ಲಿರುವ ‘ಅರಿವು’ ನಮ್ಮ ವಚನಕಾರರ ಅರಿವೇ. ಪೆರಿಯಾರರ ನಿಲುವುಗಳನ್ನು, ಅದರಲ್ಲೂ ದೇವರ ಬಗೆಗಿನ ಮಾತುಗಳನ್ನು ಒಪ್ಪದವರು ಅಲ್ಲಿಯೂ ಇಲ್ಲಿಯೂ ಬಹಳ ಮಂದಿ. ಅವರ ವಾದದ ರೀತಿ ಮಾತ್ರ ಗಮನಿಸತಕ್ಕದ್ದು. ಶಾಸ್ತ್ರದ ಪರಿಭಾಷೆ ಒಂದೂ ಇಲ್ಲದೆ, ಎದುರಿನವರು ಒಪ್ಪಿದ ಮಾತನ್ನೇ ಹಿಡಿದು, ಹಾಗಾದರೆ ಇದು ಹೇಗೆ ಎಂದು ಆಡುಮಾತಿನಲ್ಲಿ ಕೇಳುತ್ತಾ ಹೋಗುವುದು. ಮನೋವೇಗನ ವರಸೆಗೂ ಇದಕ್ಕೂ ಬಹಳ ದೂರವಿಲ್ಲ. ಕನ್ನಡದಲ್ಲಿ ಇದೇ ಕೆಲಸವನ್ನು ‘ವಿಚಾರ’ ಎಂಬ ಪದ ಮಾಡಿತು, ಕುವೆಂಪು ಅವರ ‘ವಿಚಾರಕ್ರಾಂತಿಗೆ ಆಹ್ವಾನ’ದಿಂದ, 1976ರಲ್ಲಿ ಪವಾಡಗಳ ಪರೀಕ್ಷೆಗೆ ಬೆಂಗಳೂರು ವಿಶ್ವವಿದ್ಯಾಲಯದ ಸಮಿತಿ ಕಟ್ಟಿದ ಎಚ್. ನರಸಿಂಹಯ್ಯನವರ ‘ಯಾಕೆ, ಏನು’ಗಳಿಂದ. ತಮಿಳರಿಗೆ ಪಗುತ್ತರಿವು, ನಮಗೆ ವಿಚಾರ. ಎರಡೂ ಕಡೆ ಚಳವಳಿಯ ಹೆಸರು ತರ್ಕವಾಗಲಿಲ್ಲ ಎಂಬುದನ್ನು ನೋಡಿದರೆ ಆ ಪದದ ಮೇಲೆ ಕವಿದ ಕತ್ತಲು ಎಷ್ಟು ದಟ್ಟವೆಂದು ತಿಳಿಯುತ್ತದೆ.

ಸಾಫ್ಟ್‌ವೇರ್ ಹುಡುಗನ ಲಾಜಿಕ್ಕಿಗೆ ಬೇರೆ ವಂಶಾವಳಿ. 1854ರಲ್ಲಿ ಜಾರ್ಜ್ ಬೂಲ್ ‘ಮತ್ತು’, ‘ಅಥವಾ’, ‘ಅಲ್ಲ’ಗಳನ್ನು ಬೀಜಗಣಿತವಾಗಿ ಬರೆದ. 1937ರಲ್ಲಿ ಕ್ಲಾಡ್ ಶಾನನ್ ಆ ಬೀಜಗಣಿತವನ್ನು ವಿದ್ಯುತ್ ಸ್ವಿಚ್ಚುಗಳಿಂದ ನಡೆಸಬಹುದೆಂದು ತನ್ನ ಪ್ರಬಂಧದಲ್ಲಿ ತೋರಿಸಿದ. ನಮ್ಮ ಫೋನಿನ ಚಿಪ್ಪಿನಲ್ಲಿರುವುದು ಅದೇ. ಆದರೆ ಯಂತ್ರದ ಮಾತೂ ಮನೆಯ ಮಾತೂ ಒಂದಲ್ಲ. ‘ಕಾಫಿ ಅಥವಾ ಟೀ?’ ಎಂದು ಕೇಳಿದರೆ ‘ಹೌದು’ ಎನ್ನುವುದು ಯಂತ್ರಕ್ಕೆ ಸರಿಯಾದ ಉತ್ತರ, ಎರಡನ್ನೂ ಕೊಟ್ಟರೂ ಅದರ ಅಭ್ಯಂತರವಿಲ್ಲ. ನೆಂಟರ ಮನೆಯಲ್ಲಿ ಹಾಗೆ ಹೇಳಿದವರಿಗೆ ನೀರು ಕೂಡ ಸಿಗಲಿಕ್ಕಿಲ್ಲ.

ಲಾಜಿಕ್ ಎಂಬ ಪದವನ್ನು ಓಡಿಸಬೇಕೆಂದು ನಾನು ಹೇಳುವುದಿಲ್ಲ. ಬಾಡಿಗೆದಾರ ಒಳ್ಳೆಯವನು, ಜಗಳಗಂಟನಲ್ಲ. ಅಮ್ಮನೂ ಮಗನೂ ಒಂದೇ ಪದ ಹಿಡಿದು ಜಗಳವಾಡಬಲ್ಲರು. ನನ್ನ ಕೋರಿಕೆ ಇರುವುದು ಪಿಯುಸಿ ತರ್ಕಶಾಸ್ತ್ರದ ಪಠ್ಯ ಬರೆಯುವವರಿಗೆ, ಪಾಠ ಹೇಳುವವರಿಗೆ. ಪಕ್ಷವೆಂದರೆ ಚುನಾವಣೆಯದ್ದಲ್ಲ, ವ್ಯಾಪ್ತಿಯೆಂದರೆ ಠಾಣೆಯದ್ದಲ್ಲ, ಛಲವೆಂದರೆ ಮೆಚ್ಚುವ ಗುಣವಲ್ಲ, ಎಲ್ಲಕ್ಕಿಂತ ಮೊದಲು ಅನುಮಾನವೆಂದರೆ ಸಂಶಯವಲ್ಲ ಎಂಬ ನಾಲ್ಕು ಸಾಲನ್ನು ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ. ಹಳ್ಳಿಯಿಂದ ಬಂದ ಹದಿನಾರರ ಹುಡುಗಿ ‘ಅನುಮಾನ ಪ್ರಮಾಣ’ ಎಂಬ ಶೀರ್ಷಿಕೆ ಓದಿ, ಸಂಶಯದ ಮೇಲೆ ಆಣೆಯೇ ಎಂದು ಕಕ್ಕಾಬಿಕ್ಕಿಯಾಗುವುದು ತಪ್ಪುತ್ತದೆ.